ಬೆಂಗಳೂರಲ್ಲಿ 2 ಬಿಎಚ್‌ಕೆ ಮಾರಿ 3 ಬಿಎಚ್‌ಕೆಗೆ ಹೋಗೋರಿಗೆ: ಹಳೆ ಮನೆ ಕಾಗದದಿಂದ ಹಾಲುಕ್ಕಿಸೋ ತನಕ

ನಮ್ಮದು ಉತ್ತರಹಳ್ಳಿ ಹತ್ರ 1,050 ಸ್ಕ್ವೇರ್ ಫೀಟಿನ 2 ಬಿಎಚ್‌ಕೆ ಇತ್ತು. ಮದ್ವೆಯಾದ ಹೊಸದ್ರಲ್ಲಿ ತಗೊಂಡಿದ್ದು, ಇಬ್ರಿಗೆ ಬೇಕಾದಷ್ಟು ಜಾಗ. ಆಮೇಲೆ ಮಕ್ಕಳಿಬ್ರು ಆದ್ರು, ಮಾವ ತೀರ್ಕೊಂಡ್ಮೇಲೆ ಅತ್ತೆ ಹಾಸನದಿಂದ ನಮ್ಮ ಜೊತೆನೇ ಇರೋಕೆ ಬಂದ್ರು, ಅವ್ರ ಮಂಚ ಹಾಲಲ್ಲಿ ಟಿವಿ ಪಕ್ಕ, ಮಗಳು ಎಸ್ಸೆಸ್ಸೆಲ್ಸಿಗೆ ಓದಿದ್ದು ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಇಟ್ಕೊಂಡು, ನಮ್ಮನೆಯವ್ರು ಆಫೀಸ್ ಕಾಲ್ ತಗೋತಿದ್ದಿದ್ದು ಬಾಲ್ಕನಿಲಿ ಬಟ್ಟೆ ಒಣಗ್ಹಾಕೋ ತಂತಿ ಕೆಳಗೆ ನಿಂತ್ಕೊಂಡು. ರಾತ್ರಿ ಹತ್ತಾದ್ಮೇಲೆ ಅತ್ತೆಗೆ ನಿದ್ದೆ ಬರ್ಲಿ ಅಂತ ನಾವೆಲ್ಲ ಹಾಲ್ ಲೈಟ್ ಆರ್ಸಿ ಕತ್ತಲಲ್ಲೇ ಓಡಾಡ್ತಿದ್ವಿ.

ದೊಡ್ಡ ಮನೆ ಬೇಕು ಅಂತ ತೀರ್ಮಾನ ಆದ ತಕ್ಷಣ ನಾವು ಮಾಡಿದ್ದು ಪ್ರತಿ ಭಾನುವಾರ ಹೊಸ ಮನೆಗಳನ್ನ ನೋಡೋಕೆ ಹೋಗೋದು. ಎಲ್ರೂ ಅದನ್ನೇ ಮಾಡ್ತಾರೆ, ಆದ್ರೆ ಅದು ಉಲ್ಟಾ ದಾರಿ. ಮೊದಲ ಮನೆ ಕೊಳ್ಳೋರಿಗೂ ನಮ್ಮಂಥೋರಿಗೂ ಇರೋ ವ್ಯತ್ಯಾಸ ಏನಂದ್ರೆ ನಾವು ಒಂದೇ ಟೈಮಲ್ಲಿ ಮಾರೋರೂ ಹೌದು, ಕೊಳ್ಳೋರೂ ಹೌದು. ರೇಟ್ ಏರ್ತಿರೋ ಊರಲ್ಲಿ ನಮ್ಮ ಹಳೆ ಮನೆಗೂ ಒಳ್ಳೆ ಬೆಲೆ ಸಿಗತ್ತೆ ನಿಜ, ಆದ್ರೆ ಆ ದುಡ್ಡು ಕೈಗೆ ಬರೋ ದಿನಕ್ಕೂ ಹೊಸ ಮನೆಗೆ ಕೊಡಬೇಕಾದ ದಿನಕ್ಕೂ ನಡುವೆ ಇರೋ ಗ್ಯಾಪಲ್ಲೇ ಜನ ಸೋತುಹೋಗೋದು. ಹಾಗಾಗಿ ನಾನು ಹೇಳೋ ಮೊದಲ ಮಾತು: ಹೊಸ ಮನೆ ನೋಡೋಕೆ ಹೋಗೋ ಮುಂಚೆ ಹಳೆ ಮನೆ ಫೈಲ್ ಬಿಚ್ಚಿ.

ಹೆಜ್ಜೆ 1: ಹಳೆ ಮನೆ ಕಾಗದ ರೆಡಿ ಮಾಡ್ಕೊಳಿ

ನಮಗೆ ಮೊದಲು ಸಿಕ್ಕ ಪಾರ್ಟಿ ತುಂಬಾ ಒಳ್ಳೆಯೋರು, ರೇಟ್ ಒಪ್ಪಿದ್ರು, ಟೋಕನ್ ಕೊಟ್ರು, ಅವ್ರ ಬ್ಯಾಂಕಿಂದ ಲೋನೂ ಸ್ಯಾಂಕ್ಷನ್ ಆಯ್ತು. ಆಮೇಲೆ ನೋಡಿದ್ರೆ ಕ್ರಯಪತ್ರದಲ್ಲಿ ನಮ್ಮನೆಯವ್ರ ಹೆಸರು ಇನಿಷಿಯಲ್ ಬಿಡಿಸಿ ಬರ್ದಿದ್ದಾರೆ, ಆಧಾರಲ್ಲಿ ಬರೀ ಇನಿಷಿಯಲ್ ಇದೆ, ಇ-ಖಾತಾಗೆ, ಅಂದ್ರೆ ಮನೆ ಯಾರ ಹೆಸರಲ್ಲಿದೆ ಅನ್ನೋ ಪಾಲಿಕೆಯ ಆನ್‌ಲೈನ್ ದಾಖಲೆಗೆ, ಹಾಕಿದ್ರೆ ಹೆಸರು ಮ್ಯಾಚ್ ಆಗ್ತಿಲ್ಲ. ಅದನ್ನ ಸರಿ ಮಾಡಿಸೋದ್ರಲ್ಲಿ ಐದು ವಾರ ಹೋಯ್ತು, ಅಷ್ಟೊತ್ತಿಗೆ ಆ ಪಾರ್ಟಿ ಬೇರೆ ಮನೆ ತಗೊಂಡ್ರು, ಅವ್ರನ್ನ ದೂರೋ ಹಾಗೂ ಇಲ್ಲ, ಅವ್ರೂ ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಆ ಐದು ವಾರ ನಾನು ಸರಿಯಾಗಿ ನಿದ್ದೆ ಮಾಡಿಲ್ಲ, ಯಾಕಂದ್ರೆ ಆ ದುಡ್ಡನ್ನ ನಂಬ್ಕೊಂಡು ನಾವಾಗ್ಲೇ ಇನ್ನೊಂದು ಕಡೆ ಮಾತು ಕೊಟ್ಟಿದ್ವಿ.

ಇ-ಖಾತಾ ಇಲ್ದೆ ಬೆಂಗಳೂರಲ್ಲಿ ಈಗ ರಿಜಿಸ್ಟ್ರೇಷನ್ ಆಗಲ್ಲ, 2024ರ ಅಕ್ಟೋಬರಿಂದ ಕಡ್ಡಾಯ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಯ್ತಲ್ಲ, ಆದ್ರೂ ಇ-ಖಾತಾ ನಿಯಮ ಹಾಗೇ ಮುಂದುವರಿದಿದೆ. ಮಾರೋ ಯೋಚನೆ ಬಂದ ದಿನವೇ ಆನ್‌ಲೈನಲ್ಲಿ ನಿಮ್ಮ ಮನೆಯ ಇ-ಖಾತಾ ಡ್ರಾಫ್ಟ್ ಹುಡುಕಿ, ಆಸ್ತಿ ತೆರಿಗೆ ರಸೀದಿ ನಂಬರ್, ಕ್ರಯಪತ್ರದ ನಂಬರ್, ಓನರ್ ಆಧಾರ್, ಬೆಸ್ಕಾಂ ಬಿಲ್ಲಲ್ಲಿರೋ ಅಕೌಂಟ್ ಐಡಿ, ಮನೆ ಫೋಟೋ ಇವೆಲ್ಲ ಕೇಳತ್ತೆ, ಹೆಸರು ಮತ್ತೆ ವಿಸ್ತೀರ್ಣ ಎರಡನ್ನೂ ಅಕ್ಷರ ಅಕ್ಷರ ಓದಿ ನೋಡಿ. ಜಂಟಿ ಹೆಸರಲ್ಲಿದ್ರೆ ಇಬ್ರದ್ದೂ ಬಂದಿರಬೇಕು.

ಹಳೆ ಮನೆ ಮೇಲೆ ಇನ್ನೂ ಲೋನ್ ಇದ್ರೆ ಇನ್ನೊಂದು ಕೆಲಸ ಇದೆ. ಒರಿಜಿನಲ್ ಕಾಗದಗಳೆಲ್ಲ ಬ್ಯಾಂಕಲ್ಲಿರತ್ತೆ, ಕೊಳ್ಳೋರ ಬ್ಯಾಂಕ್ ಅದನ್ನ ನೋಡ್ದೆ ದುಡ್ಡು ಬಿಡಲ್ಲ. ನಿಮ್ಮ ಬ್ರಾಂಚಿಗೆ ಹೋಗಿ ಎರಡು ಲೆಟರ್ ಕೇಳಿ: ಅವ್ರ ಹತ್ರ ಯಾವ್ಯಾವ ಕಾಗದ ಇದೆ ಅನ್ನೋ ಪಟ್ಟಿ, ಮತ್ತೆ ಇವತ್ತಿನ ತಾರೀಖಿಗೆ ಎಷ್ಟು ಬಾಕಿ ಅನ್ನೋ ಫೋರ್‌ಕ್ಲೋಷರ್ ಲೆಟರ್. ಫ್ಲೋಟಿಂಗ್ ರೇಟಿನ (ಬಡ್ಡಿ ಏರಿಳಿಯೋ) ಹೋಮ್ ಲೋನನ್ನ ಮುಂಚೆನೇ ತೀರ್ಸಿದ್ರೆ ವ್ಯಕ್ತಿಗಳಿಗೆ ದಂಡ ಹಾಕೋ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮ ಅದು. ಲೋನ್ ತೀರಿದ 30 ದಿನದೊಳಗೆ ಒರಿಜಿನಲ್ ವಾಪಸ್ ಕೊಡಬೇಕು, ತಡ ಮಾಡಿದ್ರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ಕೊಡಬೇಕು, ಇದು 2023ರ ಡಿಸೆಂಬರ್ 1ರಿಂದ ಇದೆ. ಕೌಂಟರಲ್ಲಿ "ಇನ್ನೂ ಬಂದಿಲ್ಲ ಮೇಡಂ, ಮುಂದಿನ ವಾರ ಬನ್ನಿ" ಅಂದಾಗ ಈ ನಿಯಮ ನೆನಪಲ್ಲಿರ್ಲಿ, ಜಗಳ ಆಡೋದು ಬೇಡ, ಒಂದು ಇಮೇಲ್ ಹಾಕಿ ಸಾಕು.

ಇದರ ಜೊತೆ ಇಸಿ, ಅಂದ್ರೆ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಲ್ಲಿ ತೆಗ್ಸಿ. ಬ್ಯಾಂಕಿನ ಅಡಮಾನ ನೋಂದಣಿ ಆಗಿದ್ರೆ ಇಸಿಲಿ ಕಾಣತ್ತೆ, ಲೋನ್ ತೀರಿದ್ಮೇಲೆ ಅದನ್ನ ಡಿಸ್ಚಾರ್ಜ್ ಮಾಡಿಸೋ ತನಕ ಅಲ್ಲೇ ಇರತ್ತೆ. ಲೋನ್ ಎಂದೋ ತೀರ್ಸಿದೀನಿ ಅಂತ ಆರಾಮಾಗಿ ಇರೋರ ಇಸಿಲೂ ಹಳೆ ಬ್ಯಾಂಕ್ ಹೆಸರು ಕೂತಿರತ್ತೆ.

ಹೆಜ್ಜೆ 2: ಲೆಕ್ಕ, ಪೇಪರ್ ಮೇಲೆ

ನಮ್ಮನೆಯವ್ರು "85ಕ್ಕೆ ಮಾರ್ತೀವಿ, 1.5 ಕೋಟಿದು ತಗೋತೀವಿ, ಇನ್ನು 65 ಲಕ್ಷ ಲೋನ್ ಆದ್ರೆ ಆಯ್ತು" ಅಂತಿದ್ರು. ಬಹಳ ಜನ ಹೀಗೇ ಲೆಕ್ಕ ಹಾಕ್ತಾರೆ. ನಿಜವಾದ ಲೆಕ್ಕ ಹಾಕೋಣ, ಅಂಕಿ ಉದಾಹರಣೆಗೆ, ನಿಮ್ಮದನ್ನ ಹಾಕ್ಕೊಳಿ.

ಮಾರೋ ಕಡೆ: 85 ಲಕ್ಷ. ಬಾಕಿ ಲೋನ್ 22 ಲಕ್ಷ ಹೋಗತ್ತೆ. ಬೆಲೆ 50 ಲಕ್ಷ ಅಥವಾ ಮೇಲಿದ್ರೆ ಕೊಳ್ಳೋರು 1% ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ಆದಾಯ ತೆರಿಗೆ) ಹಿಡ್ಕೊಂಡು ನಿಮ್ಮ ಪ್ಯಾನಿಗೆ ಕಟ್ತಾರೆ, ಅದು 85,000, ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರತ್ತೆ ಆದ್ರೆ ಆ ದಿನ ಕೈಲಿರಲ್ಲ. ಬ್ರೋಕರ್ 1% ಅಂದ್ರೆ ಇನ್ನೊಂದು 85,000. ಪೇಂಟು, ಬಾತ್‌ರೂಮ್ ಲೀಕೇಜ್ ರಿಪೇರಿ ಅಂತ 60,000 ಇಟ್ಕೊಳಿ. ಉಳಿಯೋದು ಸುಮಾರು 60.7 ಲಕ್ಷ.

ಕೊಳ್ಳೋ ಕಡೆ: 1.5 ಕೋಟಿ. ಅದರ ಮೇಲೆ ಸ್ಟಾಂಪ್ ಡ್ಯೂಟಿ 5%, ಸೆಸ್ ಸರ್‌ಚಾರ್ಜ್ ಸೇರಿ ಸಿಟಿಲಿ 5.6%, ನೋಂದಣಿ ಶುಲ್ಕ 2%. ಈ 2% ಗಮನಿಸಿ, 2025ರ ಆಗಸ್ಟ್ 30ರ ತನಕ 1% ಇತ್ತು, ಹಳೆ ಲೆಕ್ಕ ಇಟ್ಕೊಂಡು ಹೋದೋರಿಗೆ ಒಂದೂವರೆ ಲಕ್ಷ ಕಮ್ಮಿ ಬಿದ್ದಿದೆ. ಒಟ್ಟು 7.6%, ಅಂದ್ರೆ 11.4 ಲಕ್ಷ. ಬ್ರೋಕರ್ 1.5 ಲಕ್ಷ. ವಾರ್ಡ್‌ರೋಬು, ಕಿಚನ್ನು, ಪರದೆ, ಗ್ರಿಲ್ಲು, ಮೆಶ್ಶು ಎಲ್ಲ ಕಮ್ಮಿ ಅಂದ್ರೂ 7 ಲಕ್ಷ. ಲಾಯರು, ಬ್ಯಾಂಕ್ ಪ್ರೊಸೆಸಿಂಗ್, ಲಾರಿ, ಗೃಹಪ್ರವೇಶ ಅಂತ 1 ಲಕ್ಷ. ಒಟ್ಟು 1.709 ಕೋಟಿ. ಅದರಲ್ಲಿ ನಿಮ್ಮ 60.7 ತೆಗೆದ್ರೆ ಬೇಕಾಗೋ ಲೋನ್ 1.10 ಕೋಟಿ. 65 ಲಕ್ಷ ಎಲ್ಲಿ, 1.10 ಕೋಟಿ ಎಲ್ಲಿ! 20 ವರ್ಷಕ್ಕೆ 8% ಬಡ್ಡಿ ಅಂದ್ರೆ ಲಕ್ಷಕ್ಕೆ ತಿಂಗಳಿಗೆ 836 ರೂಪಾಯಿ, 1.10 ಕೋಟಿಗೆ ಇಎಂಐ 92,000 ಆಗತ್ತೆ. ಇದರ ಮೇಲೆ ಮೇಂಟೆನೆನ್ಸ್. ಈ ಅಂಕಿ ಗಂಡ ಹೆಂಡ್ತಿ ಇಬ್ರೂ ಒಟ್ಟಿಗೆ ಕೂತು ನೋಡಬೇಕು, ಒಬ್ರ ಸಂಬಳ ಆರು ತಿಂಗಳು ನಿಂತ್ರೂ ತಡ್ಕೋತೀವಾ ಅಂತ ಅವತ್ತೇ ಕೇಳ್ಕೋಬೇಕು. ನಾವು ಹಾಗೆ ಕೇಳ್ಕೊಂಡೇ ನಮ್ಮ ಬಜೆಟ್ 15 ಲಕ್ಷ ಇಳ್ಸಿದ್ದು.

ಬ್ಯಾಂಕ್ ಕೊಡೋದಕ್ಕೂ ಮಿತಿ ಇದೆ: 30 ಲಕ್ಷದ ತನಕದ ಲೋನಿಗೆ ಮನೆ ಬೆಲೆಯ 90%, 30ರಿಂದ 75 ಲಕ್ಷಕ್ಕೆ 80%, 75 ಲಕ್ಷ ದಾಟಿದ್ರೆ 75%. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಆ ಬೆಲೆಗೆ ಸೇರಲ್ಲ, ಅದು ನಿಮ್ಮ ಜೇಬಿಂದಲೇ.

ಇನ್ನು ಟ್ಯಾಕ್ಸ್. ಮನೆ ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮ ಹತ್ರ ಇದ್ರೆ ಮಾರಿದ ಲಾಭ ಲಾಂಗ್ ಟರ್ಮ್ ಅಂತ ಲೆಕ್ಕ. 2014ರಲ್ಲಿ 48 ಲಕ್ಷಕ್ಕೆ ತಗೊಂಡಿದ್ದು 85ಕ್ಕೆ ಮಾರಿದ್ರೆ ಲಾಭ 37 ಲಕ್ಷ, ಅದಕ್ಕೆ 12.5% ಅಂದ್ರೆ 4.6 ಲಕ್ಷ. 2024ರ ಜುಲೈ 23ಕ್ಕಿಂತ ಮುಂಚೆ ತಗೊಂಡ ಮನೆ ಆದ್ರೆ ಭಾರತದಲ್ಲೇ ವಾಸ ಇರೋರಿಗೆ ಹಳೆ ದಾರಿನೂ ಇದೆ, ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕ ಹಾಗೆ ಕೊಂಡ ಬೆಲೆ ಏರಿಸೋದು) ಹಾಕಿ 20%. ಅದೇ ಮನೆ 2014-15ರ ಇಂಡೆಕ್ಸ್ 240, 2025-26ರದ್ದು 376, ಹಾಗಾಗಿ 48 ಲಕ್ಷ 75.2 ಆಗತ್ತೆ, ಲಾಭ ಬರೀ 9.8 ಲಕ್ಷ, ಟ್ಯಾಕ್ಸ್ 1.96 ಲಕ್ಷ. ಎರಡರಲ್ಲಿ ಕಮ್ಮಿದು ಆರಿಸ್ಕೋಬೋದು. ಆದ್ರೆ ನಮ್ಮಂಥೋರಿಗೆ ಇದಕ್ಕಿಂತ ಮುಖ್ಯವಾದ್ದು ಹೊಸ ಮನೆಗೆ ಹಾಕಿದ್ರೆ ಸಿಗೋ ವಿನಾಯ್ತಿ. ಮಾರೋದಕ್ಕೆ ಒಂದು ವರ್ಷ ಮುಂಚೆ ಅಥವಾ ಆದ್ಮೇಲೆ ಎರಡು ವರ್ಷದೊಳಗೆ ಮನೆ ತಗೊಂಡ್ರೆ, ಕಟ್ಟಿಸೋದಾದ್ರೆ ಮೂರು ವರ್ಷದೊಳಗೆ ಮುಗ್ಸಿದ್ರೆ, ಎಷ್ಟು ಲಾಭವನ್ನ ಹಾಕಿದ್ರೋ ಅಷ್ಟಕ್ಕೆ ಟ್ಯಾಕ್ಸ್ ಇಲ್ಲ. ಲಾಭವನ್ನ ಅಂದೆ, 85 ಲಕ್ಷ ಪೂರ್ತಿ ಹಾಕಬೇಕು ಅಂತ ಬಹಳ ಜನ ಹೆದರ್ಕೊಂಡಿರ್ತಾರೆ, ಹಾಗಿಲ್ಲ. ರಿಟರ್ನ್ ಹಾಕೋ ಕೊನೆ ದಿನದೊಳಗೆ ಮನೆ ಸಿಕ್ಕಿಲ್ಲ ಅಂದ್ರೆ ಆ ದುಡ್ಡನ್ನ ಬ್ಯಾಂಕಲ್ಲಿ ಕ್ಯಾಪಿಟಲ್ ಗೇನ್ಸ್ ಅಕೌಂಟ್ ಸ್ಕೀಮಲ್ಲಿ ಇಡಬೇಕು, ಮಾಮೂಲಿ ಎಫ್‌ಡಿಲಿ ಇಟ್ರೆ ನಡೆಯಲ್ಲ. ಹೊಸ ಮನೆನ ಮೂರು ವರ್ಷ ಮಾರಬಾರ್ದು. ಒಂದ್ಸಲ ಸಿಎ ಹತ್ರ ಕೂತು ಮಾತಾಡಿ, ಆ ಫೀಸು ದಂಡ ಅಲ್ಲ.

ಹೆಜ್ಜೆ 3: ಮೊದಲು ಮಾರೋದಾ, ಮೊದಲು ಕೊಳ್ಳೋದಾ

ಇದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಮೊದಲು ಕೊಂಡ್ರೆ ಎರಡು ಇಎಂಐ ಒಟ್ಟಿಗೆ ಕಟ್ಟಬೇಕು, ಹಳೆ ಮನೆನ ಅರ್ಜೆಂಟಿಗೆ ಕಮ್ಮಿ ರೇಟಿಗೆ ಕೊಡಬೇಕಾಗತ್ತೆ, ಕೊಳ್ಳೋಕೆ ಬರೋರಿಗೆ ನಿಮ್ಮ ಅವಸರ ಮುಖದಲ್ಲೇ ಕಾಣ್ಸತ್ತೆ. ಮೊದಲು ಮಾರಿದ್ರೆ ರೇಟ್ ಏರ್ತಿರೋ ಮಾರ್ಕೆಟಲ್ಲಿ ದುಡ್ಡು ಕೈಲಿಟ್ಕೊಂಡು ಮನೆ ಸಿಗ್ದೆ ಒದ್ದಾಡಬೇಕು, ನಡುವೆ ಬಾಡಿಗೆ ಮನೆ, ಅದಕ್ಕೆ ಅಡ್ವಾನ್ಸ್, ಎರಡು ಸಲ ಸಾಮಾನು ಸಾಗ್ಸೋದು, ವಯಸ್ಸಾದೋರಿದ್ರೆ ಅವ್ರಿಗೆ ಎರಡೆರಡು ಸಲ ಹೊಸ ಜಾಗ.

ಕೆಲವು ಬ್ಯಾಂಕುಗಳು ಬ್ರಿಜ್ ಲೋನ್ ಕೊಡ್ತವೆ, ಹಳೆ ಮನೆ ಮಾರೋ ತನಕ ಹೊಸದಕ್ಕೆ ದುಡ್ಡು. ಬಡ್ಡಿ ಹೋಮ್ ಲೋನಿಗಿಂತ ಜಾಸ್ತಿ, ಅವಧಿ ಚಿಕ್ಕದು. ನನ್ನ ಅಭಿಪ್ರಾಯದಲ್ಲಿ ಹಳೆ ಮನೆಗೆ ಆಗ್ಲೇ ಅಗ್ರಿಮೆಂಟ್ ಆಗಿದ್ರೆ ಮಾತ್ರ ಇದನ್ನ ಮುಟ್ಟಿ.

ನಮಗೆ ಕೆಲಸಕ್ಕೆ ಬಂದಿದ್ದು ಮೂರನೇ ದಾರಿ. ಎರಡನೇ ಪಾರ್ಟಿ ಸಿಕ್ಕಾಗ ಶುರುಲೇ ಹೇಳಿದ್ವಿ, "ರೇಟಲ್ಲಿ 50,000 ಬಿಡ್ತೀವಿ, ಆದ್ರೆ ರಿಜಿಸ್ಟ್ರೇಷನ್ ಆದ್ಮೇಲೆ ಎರಡು ತಿಂಗಳು ನಾವು ಇದೇ ಮನೆಲಿ ಬಾಡಿಗೆ ಕೊಟ್ಕೊಂಡು ಇರ್ತೀವಿ". ಅವ್ರು ಒಪ್ಪಿದ್ರು. ಅದನ್ನ ಬಾಯಿಮಾತಲ್ಲಿ ಬಿಡದೆ ಬರ್ದಿಟ್ವಿ: ಯಾವ ತಾರೀಖಿಗೆ ಬೀಗದ ಕೈ ಕೊಡ್ತೀವಿ, ತಿಂಗಳಿಗೆ ಬಾಡಿಗೆ ಎಷ್ಟು, ಅಲ್ಲಿ ತನಕ ಅವ್ರು ನಮ್ಮ ದುಡ್ಡಲ್ಲಿ 2 ಲಕ್ಷ ತಡೆದಿಟ್ಕೋತಾರೆ, ಬೀಗದ ಕೈ ಕೊಟ್ಟ ದಿನ ಅದು ನಮಗೆ. ಆ ಎರಡು ತಿಂಗಳಲ್ಲಿ ಮಾರಿದ ದುಡ್ಡು ಅಕೌಂಟಲ್ಲಿತ್ತು, ತಲೆ ಮೇಲೆ ಸೂರೂ ಇತ್ತು, ಹೊಸ ಮನೆ ಓನರ್ ಮುಂದೆ ಕೂತಾಗ ನಮ್ಮ ಮಾತಿಗೆ ತೂಕ ಇತ್ತು. ನಮ್ಮ ಅಕ್ಕಪಕ್ಕದಲ್ಲಿ ಎಷ್ಟೋ ಜನ ಇದನ್ನ ಕೇಳೋಕೇ ಸಂಕೋಚ ಪಟ್ಕೋತಾರೆ, ದಯವಿಟ್ಟು ಕೇಳಿ, ಹೆಚ್ಚಂದ್ರೆ ಆಗಲ್ಲ ಅಂತಾರೆ.

ಹೆಜ್ಜೆ 4: ಏರಿಯಾ

ಇದು ನಿಮ್ಮ ಮನೆ ವಿಷ್ಯ, ಜಾಸ್ತಿ ಹೇಳಲ್ಲ. ಮಕ್ಕಳ ಸ್ಕೂಲು, ವಯಸ್ಸಾದೋರ ಡಾಕ್ಟ್ರು, ಆಫೀಸು, ಈ ಮೂರನ್ನ ಇಟ್ಕೊಂಡು ಮ್ಯಾಪಲ್ಲಿ ಗೆರೆ ಎಳೀರಿ. ಮೆಟ್ರೋ ಬಗ್ಗೆ ಒಂದು ಮಾತು: ಓಡ್ತಿರೋ ಸ್ಟೇಷನ್ನಿಗೆ ದುಡ್ಡು ಕೊಡಿ, ಬರತ್ತೆ ಅನ್ನೋ ಸ್ಟೇಷನ್ನಿಗೆ ಕೊಡಬೇಡಿ. ಹಳದಿ ಮಾರ್ಗ ಆರ್‌ವಿ ರೋಡಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟಲ್ಲಿ ಶುರುವಾಯ್ತು, ಅದಕ್ಕೆ ಮುಂಚೆ ಎಷ್ಟು ವರ್ಷ ಆ ಕಡೆ ಬ್ರೋಷರಲ್ಲೆಲ್ಲ "ಮೆಟ್ರೋಗೆ ಐದು ನಿಮಿಷ" ಅಂತಿತ್ತು, ಕಾದೋರು ಬೊಮ್ಮನಹಳ್ಳಿ ಟ್ರಾಫಿಕ್ಕಲ್ಲೇ ಕಾದ್ರು. ನಾವು ಕನಕಪುರ ರಸ್ತೆ ಆರಿಸ್ಕೊಂಡಿದ್ದಕ್ಕೆ ದೊಡ್ಡ ಕಾರಣ ಹಸಿರು ಮಾರ್ಗ ರೇಷ್ಮೆ ಸಂಸ್ಥೆ ತನಕ 2021ರಿಂದಲೇ ಓಡ್ತಿತ್ತು, ನಮ್ಮನೆಯವ್ರು ಈಗ ಮನೆಯಿಂದ ನಡ್ಕೊಂಡೇ ಸ್ಟೇಷನ್ನಿಗೆ ಹೋಗ್ತಾರೆ.

ಹೆಜ್ಜೆ 5: ಮನೆ ನೋಡೋವಾಗ ಕೈಲಿ ಟೇಪ್ ಇರಲಿ

3 ಬಿಎಚ್‌ಕೆ ಅಂತ ಬೋರ್ಡಲ್ಲಿದ್ದ ಮಾತ್ರಕ್ಕೆ ದೊಡ್ಡ ಮನೆ ಆಗಲ್ಲ. ಸೂಪರ್ ಬಿಲ್ಟಪ್ ಅಂತ ಹೇಳೋ ಸೈಜಲ್ಲಿ ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸು ಎಲ್ಲದರ ಪಾಲೂ ಸೇರಿರತ್ತೆ. ನಾವು ನೋಡಿದ ಎರಡು ಮನೆ ಹೇಳ್ತೀನಿ: ಒಂದು 1,650 ಸ್ಕ್ವೇರ್ ಫೀಟ್, ಕಾರ್ಪೆಟ್ ಏರಿಯಾ (ಮನೆಯೊಳಗೆ ನಿಜವಾಗಿ ಬಳಸೋ ಜಾಗ) 1,155. ಇನ್ನೊಂದು 1,500, ಕಾರ್ಪೆಟ್ 1,125. ಕಾಲಿಡೋ ಜಾಗದ ವ್ಯತ್ಯಾಸ ಬರೀ 30 ಸ್ಕ್ವೇರ್ ಫೀಟ್, ಬೆಲೆಲಿ 150ರ ದುಡ್ಡು ಕೇಳ್ತಿದ್ರು, ಮೇಂಟೆನೆನ್ಸೂ ಅದೇ 150ಕ್ಕೆ ಪ್ರತಿ ತಿಂಗಳು. ಹೊಸ ಪ್ರಾಜೆಕ್ಟಲ್ಲಿ ರೇರಾ (ಮನೆ ಕೊಳ್ಳೋರನ್ನ ಕಾಯೋ ರಿಯಲ್ ಎಸ್ಟೇಟ್ ಕಾನೂನು) ಪ್ರಕಾರ ಕಾರ್ಪೆಟ್ ಏರಿಯಾ ಹೇಳ್ಲೇಬೇಕು, ರೀಸೇಲಲ್ಲಿ ನೀವೇ ಅಳೀಬೇಕು.

ಮೂರನೇ ರೂಮಿಗೆ ಹೋಗಿ ಅಳೀರಿ. ಬಹಳ ಕಡೆ ಅದು 9 ಅಡಿಗೆ 10 ಅಡಿ ಇರತ್ತೆ. ನಮಗೆ ಆ ರೂಮು ಅತ್ತೆಗೆ. ನಾನು ಅವ್ರ ಮಂಚದ ಅಳತೆ, ಬೀರು ಅಳತೆ ಒಂದು ಚೀಟಿಲಿ ಬರ್ಕೊಂಡು ಹೋಗಿದ್ದೆ, ನೆಲದ ಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದು ನೋಡಿದ್ವಿ, ಮಂಚ ಇಟ್ಟು ಬೀರು ಬಾಗಿಲು ತೆಗೆದ್ರೆ ಅವ್ರು ವಾಕರ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗೋಕೆ ದಾರಿ ಉಳಿಯತ್ತಾ ಅಂತ. ಮೊದಲು ಇಷ್ಟ ಪಟ್ಟ ಮನೆಲಿ ಉಳೀಲಿಲ್ಲ, ಬಾತ್‌ರೂಮ್ ಬಾಗಿಲು ಬೇರೆ 2 ಅಡಿ ಅಗಲ, ವಾಕರ್ ಅಡ್ಡ ತಿರುಗಿಸ್ಬೇಕು. ಆ ಮನೆಯ ಬಾಲ್ಕನಿಲಿ ನಿಂತ್ರೆ ತುರಹಳ್ಳಿ ಕಾಡು ಕಾಣ್ತಿತ್ತು, ನನಗೆ ತುಂಬಾ ಆಸೆ ಇತ್ತು, ಆದ್ರೂ ಬಿಟ್ವಿ. ಚಾಕ್‌ಪೀಸ್ ಗೆರೆ ನೋಡಿದ ಮೇಲೆ ಮನಸ್ಸು ಒಪ್ಪಲಿಲ್ಲ.

ಅಡುಗೆಮನೆ ಪಕ್ಕ ಯುಟಿಲಿಟಿ ಎಷ್ಟಿದೆ ನೋಡಿ, ವಾಷಿಂಗ್ ಮಷಿನ್ ಇಟ್ಮೇಲೆ ಪಾತ್ರೆ ತೊಳೆಯೋರು ಕೂರೋಕೋ ನಿಲ್ಲೋಕೋ ಜಾಗ ಬೇಕು. ಕಾರ್ ಪಾರ್ಕಿಂಗಿಗೆ ಇಳಿದು ನಿಮ್ಮ ಕಾರೇ ನಿಲ್ಸಿ ನೋಡಿ, ಕಂಬದ ಪಕ್ಕದ ಜಾಗ ಪೇಪರಲ್ಲಿ ಚೆನ್ನಾಗಿರತ್ತೆ, ಬಾಗಿಲು ತೆಗೆಯೋಕಾಗಲ್ಲ.

ಆಮೇಲೆ ನೀರು. 2024ರ ಬೇಸಿಗೆ ನೆನಪಿದ್ಯಲ್ಲ, ಒಂದು ಕೊಡ ನೀರಿಗೆ ಪರದಾಡಿದ್ದು. ಆ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರ್, ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತ. ಆದ್ರೆ ಪೈಪ್ ರೋಡಿಗೆ ಬಂದಿರೋದು ಬೇರೆ, ನಿಮ್ಮ ಅಪಾರ್ಟ್ಮೆಂಟ್ ಸಂಪಿಗೆ ಬೀಳೋದು ಬೇರೆ. ಓನರನ್ನ ಕೇಳಬೇಡಿ, ಸೆಕ್ಯುರಿಟಿಯವ್ರನ್ನ ಕೇಳಿ, "ಅಣ್ಣ, ಏಪ್ರಿಲಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರತ್ತೆ?" ಅಂತ. ಅಸೋಸಿಯೇಷನಲ್ಲಿ ಹೋದ ಮಾರ್ಚ್, ಏಪ್ರಿಲ್, ಮೇ ತಿಂಗಳ ನೀರಿನ ಖರ್ಚು ಕೇಳಿ ತಗೊಳಿ. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಓಡ್ತಿದ್ಯಾ, ಸಂಜೆ ಹೊತ್ತು ವಾಸನೆ ಬರತ್ತಾ ನೋಡಿ. ಒಂದ್ಸಲ ವಾರದ ದಿನ ಸಂಜೆ ಏಳಕ್ಕೆ ಹೋಗಿ, ಇನ್ನೊಂದ್ಸಲ ಜೋರು ಮಳೆ ನಿಂತ ಅರ್ಧ ಗಂಟೆಗೆ ಹೋಗಿ. ಬೇಸ್‌ಮೆಂಟಲ್ಲಿ ನೀರು ನಿಂತಿದ್ಯಾ, ಗೇಟಿನ ಮುಂದೆ ರೋಡ್ ಹೊಳೆ ಆಗಿದ್ಯಾ ಗೊತ್ತಾಗತ್ತೆ. ಪಕ್ಕದಲ್ಲಿ ರಾಜಕಾಲುವೆ ಇದ್ರೆ ಸರ್ವೆ ನಕ್ಷೆ ತೆಗ್ಸಿ ಲಾಯರಿಗೆ ಕೊಡಿ, ಅದರ ಬಫರ್ (ಪಕ್ಕದಲ್ಲಿ ಕಟ್ಟದೆ ಬಿಡಬೇಕಾದ ಜಾಗ) ಒಳಗೆ ಗೋಡೆ ಬಂದಿದ್ರೆ ಎಷ್ಟೇ ಚೆನ್ನಾಗಿರೋ ಮನೆ ಆದ್ರೂ ಬೇಡ.

ಹೆಜ್ಜೆ 6: ಹೊಸ ಮನೆಯ ಕಾಗದ

ಬಿಸಿ ಮಾರ್ಕೆಟಲ್ಲಿ ಎಲ್ರೂ ಹೇಳೋದು ಒಂದೇ ಮಾತು, "ಇವತ್ತೇ ಹೇಳಿ, ನಾಳೆ ಬೇರೆಯವ್ರು ಬರ್ತಿದಾರೆ", "ಸೋಮವಾರದಿಂದ ಸ್ಕ್ವೇರ್ ಫೀಟಿಗೆ 200 ಜಾಸ್ತಿ". 1,650ಕ್ಕೆ 200 ಅಂದ್ರೆ 3.3 ಲಕ್ಷ, ಚಿಕ್ಕ ದುಡ್ಡಲ್ಲ. ಆದ್ರೆ ಓಸಿ, ಅಂದ್ರೆ ಕಟ್ಟಡ ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ, ಇಲ್ದಿರೋ ಮನೆ ತಗೊಂಡು ಹತ್ತು ವರ್ಷ ಅನುಭವಿಸೋದ್ರ ಮುಂದೆ ಅದು ಚಿಕ್ಕದೇ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ದೆ ಕರೆಂಟು ನೀರು ಸಂಪರ್ಕ ಕೊಡಬಾರ್ದು, ಬ್ಯಾಂಕುಗಳೂ ಓಸಿ ನೋಡಿಯೇ ಲೋನ್ ಕೊಡಬೇಕು ಅಂದಮೇಲೆ ನಮ್ಮೂರಲ್ಲಿ ಎಷ್ಟೋ ಕಟ್ಟಡಗಳು ಕರೆಂಟ್ ಕನೆಕ್ಷನ್ ಇಲ್ದೆ ನಿಂತ್ಕೊಂಡ್ವು.

ಲಾಯರಿಗೆ ತೋರಿಸ್ಬೇಕಾದ್ದು: ಮೂಲಪತ್ರ ಅಂದ್ರೆ ಮದರ್ ಡೀಡು, ಅಲ್ಲಿಂದ ಇಲ್ಲಿ ತನಕ ಕೈ ಬದಲಾದ ಎಲ್ಲ ಪತ್ರ, ಜಮೀನಿನ ಕನ್ವರ್ಷನ್ ಆರ್ಡರ್ (ಕೃಷಿ ಜಮೀನನ್ನ ಮನೆ ಕಟ್ಟೋಕೆ ಬದಲಾಯಿಸಿದ ಆದೇಶ), 30 ವರ್ಷದ ಇಸಿ, ಪ್ಲಾನ್ ಸ್ಯಾಂಕ್ಷನ್, ಓಸಿ, ಇ-ಖಾತಾ, ತೆರಿಗೆ ರಸೀದಿ. ಎ ಖಾತಾ (ನಿಯಮದ ಪ್ರಕಾರ ಇರೋ ಆಸ್ತಿದು) ಆದ್ರೆ ಸಲೀಸು, ಬಿ ಖಾತಾ (ನಿಯಮ ತಪ್ಪಿದ ಆಸ್ತಿದು) ಆದ್ರೆ ಲೋನ್ ಸಿಗೋದೂ ಕಷ್ಟ, ನಾಳೆ ಮಾರೋದೂ ಕಷ್ಟ. ಪ್ಲಾನ್ ಮತ್ತೆ ಕಟ್ಟಡ ಎರಡನ್ನೂ ಪಕ್ಕ ಪಕ್ಕ ಇಟ್ಟು ಮಹಡಿ ಎಣಿಸಿ. ನಾವು ನೋಡಿದ ಒಂದು ಕಟ್ಟಡದಲ್ಲಿ ಪ್ಲಾನ್ ಇದ್ದಿದ್ದು ಸ್ಟಿಲ್ಟ್ (ಕೆಳಗಿನ ಪಾರ್ಕಿಂಗ್ ಮಟ್ಟ) ಮೇಲೆ ನಾಲ್ಕು ಮಹಡಿಗೆ, ನಮಗೆ ತೋರಿಸಿದ್ದು ಐದನೇ ಮಹಡಿ ಮನೆ, ಬಿಸಿಲು ಗಾಳಿ ಎಲ್ಲ ಚೆನ್ನಾಗಿತ್ತು, ಕಾನೂನಿನ ಪ್ರಕಾರ ಆ ಮಹಡಿನೇ ಇಲ್ಲ. ಲಾಯರ್ ಮೇಡಂ ಅದನ್ನ ಹತ್ತು ನಿಮಿಷದಲ್ಲಿ ಕಂಡುಹಿಡಿದ್ರು. ಬ್ಯಾಂಕ್ ಲೋನ್ ಕೊಟ್ಟಿದೆ ಅಂದ್ರೆ ಕಾಗದ ಸರಿ ಇದೆ ಅಂತ ನಂಬ್ಕೊಂಡು ಕೂರ್ಬೇಡಿ, ನಿಮ್ಮದೇ ಲಾಯರ್ ಇರ್ಲಿ, ಬ್ರೋಕರ್ ಹೇಳಿದ ಲಾಯರ್ ಬೇಡ.

ಇನ್ನೂ ಕಟ್ತಿರೋ ಪ್ರಾಜೆಕ್ಟ್ ಆದ್ರೆ ಕರ್ನಾಟಕ ರೇರಾ ಸೈಟಲ್ಲಿ ನಂಬರ್ ಹಾಕಿ ನೋಡಿ, ಮುಗಿಸ್ಬೇಕಾದ ತಾರೀಖು, ಎಷ್ಟು ಸಲ ಮುಂದಕ್ಕೆ ಹಾಕಿದಾರೆ, ದೂರುಗಳು ಎಲ್ಲ ಕಾಣತ್ತೆ. ಅಗ್ರಿಮೆಂಟ್ ನೋಂದಣಿ ಆಗದೆ 10%ಗಿಂತ ಜಾಸ್ತಿ ದುಡ್ಡು ತಗೊಳೋ ಹಾಗಿಲ್ಲ. ಕಟ್ತಿರೋದಕ್ಕೆ ಜಿಎಸ್‌ಟಿ 5% ಸೇರತ್ತೆ, ಓಸಿ ಬಂದ್ಮೇಲೆ ತಗೊಂಡ್ರೆ ಜಿಎಸ್‌ಟಿ ಇಲ್ಲ. ಹಳೆ ಮನೆ ಮಾರಿ ಹೋಗೋರಿಗೆ ನಾನು ರೆಡಿ ಮನೆನೇ ಹೇಳೋದು, ಪೊಸೆಷನ್ ಒಂದು ವರ್ಷ ತಡ ಆದ್ರೆ ಬಾಡಿಗೆ, ಇಎಂಐ ಎರಡೂ ಸೇರ್ಕೊಂಡು ಉಳಿತಾಯ ಪೂರ್ತಿ ಕರಗತ್ತೆ.

ಹೆಜ್ಜೆ 7: ಮಾತುಕತೆ, ಟೋಕನ್, ಅಗ್ರಿಮೆಂಟ್

ಲೋನ್ ಪ್ರೀ-ಸ್ಯಾಂಕ್ಷನ್ ಲೆಟರ್ ಕೈಲಿಟ್ಕೊಂಡು ಹೋಗಿ. ಮಾರೋರಿಗೂ ನಮ್ಮ ಥರಾನೇ ಟೆನ್ಷನ್ ಇರತ್ತೆ, ಐದು ಲಕ್ಷ ಜಾಸ್ತಿ ಹೇಳಿ ಲೋನ್ ಆಗ್ದೇ ಇರೋ ಪಾರ್ಟಿಗಿಂತ ದುಡ್ಡು ರೆಡಿ ಇರೋ ಪಾರ್ಟಿ ವಾಸಿ ಅಂತ ಎಷ್ಟೋ ಜನ ನೋಡ್ತಾರೆ. ಆಷಾಢದಲ್ಲಿ ನಮ್ಮ ಕಡೆ ಜನ ಮನೆ ವಿಷ್ಯಕ್ಕೆ ಕೈ ಹಾಕಲ್ಲ, ಪಿತೃಪಕ್ಷದಲ್ಲೂ ಅಷ್ಟೇ, ಧನುರ್ಮಾಸದಲ್ಲೂ ಅಷ್ಟೇ. ಮನೆ ನೋಡೋದು, ಬೆಲೆ ಮಾತಾಡೋದು ಆಗ ಮಾಡಿ, ರಿಜಿಸ್ಟ್ರೇಷನ್ನು ಹಾಲುಕ್ಕಿಸೋದು ಶ್ರಾವಣಕ್ಕೆ ಇಟ್ಕೊಳಿ. ನಮ್ಮ ಅತ್ತೆ ಆಚಾರ ಬಿಡೋರಲ್ಲ, ಆದ್ರೆ "ನೋಡಕ್ಕೇನು ಆಷಾಢ?" ಅಂತ ಅವ್ರೇ ಹೊರಟ್ರು, ಬೇರೆ ಗಿರಾಕಿಗಳೇ ಇಲ್ದೆ ಓನರ್ ನಮ್ಮ ಜೊತೆ ಒಂದು ಗಂಟೆ ಸಮಾಧಾನವಾಗಿ ಕೂತು ಮಾತಾಡಿದ್ರು.

ಟೋಕನ್ ಕ್ಯಾಶಲ್ಲಿ ಬೇಡ. ಆಸ್ತಿ ವ್ಯವಹಾರಕ್ಕೆ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳೋದು ಕಾನೂನಿಗೆ ವಿರುದ್ಧ, ತಗೊಂಡೋರಿಗೆ ಅಷ್ಟೇ ಮೊತ್ತದ ದಂಡ ಬೀಳಬೋದು, ಮಾರೋವಾಗ ನೀವೇ ತಗೊಳೋರು ಅನ್ನೋದು ಮರೀಬೇಡಿ. ಟೋಕನ್ ಕೊಟ್ಟ ದಿನವೇ ನಾಲ್ಕು ಸಾಲು ಬರ್ದು ಇಬ್ರೂ ಸೈನ್ ಮಾಡಿ: ಇಷ್ಟು ದಿನದಲ್ಲಿ ಲಾಯರ್ ನೋಡ್ತಾರೆ, ಕಾಗದದಲ್ಲಿ ದೋಷ ಇದ್ರೆ ಪೂರ್ತಿ ವಾಪಸ್. ಅಗ್ರಿಮೆಂಟಲ್ಲಿ ಪಾರ್ಕಿಂಗ್ ನಂಬರ್, ಬಿಟ್ಟುಹೋಗೋ ಸಾಮಾನು, ಅಸೋಸಿಯೇಷನ್ ಬಾಕಿ ಯಾರು ಕಟ್ತಾರೆ, ರಿಜಿಸ್ಟ್ರೇಷನ್ ಕೊನೆ ತಾರೀಖು, ಲೋನ್ ಆಗದಿದ್ರೆ ಏನು, ಇಷ್ಟೂ ಇರಬೇಕು. ನಿಮ್ಮ ಹಳೆ ಮನೆ ಅಗ್ರಿಮೆಂಟಿನ ತಾರೀಖಿಗಿಂತ ಇದರ ಕೊನೆ ತಾರೀಖು ಕನಿಷ್ಠ 30 ದಿನ ಆಚೆ ಇರ್ಲಿ.

ಹೆಜ್ಜೆ 8: ರಿಜಿಸ್ಟ್ರೇಷನ್

ಕಾವೇರಿ 2.0ಲ್ಲಿ ಡ್ರಾಫ್ಟ್ ಅಪ್‌ಲೋಡ್ ಮಾಡಿ, ಶುಲ್ಕ ಆನ್‌ಲೈನಲ್ಲೇ ಕಟ್ಟಿ, ಸ್ಲಾಟ್ ತಗೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋದು, ಜಿಲ್ಲೆಯೊಳಗೆ ಯಾವ ಆಫೀಸಾದ್ರೂ ಆಗತ್ತೆ. ಮಾರ್ಗಸೂಚಿ ದರ, ಅಂದ್ರೆ ಆ ಜಾಗಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ, ಮುಂಚೆನೇ ನೋಡ್ಕೊಳಿ, ಕೊಟ್ಟ ಬೆಲೆ ಅದಕ್ಕಿಂತ ಕಮ್ಮಿ ಇದ್ರೂ ಸ್ಟಾಂಪ್ ಡ್ಯೂಟಿ ಮಾರ್ಗಸೂಚಿ ದರದ ಮೇಲೇ. ಹಿಂದಿನ ರಾತ್ರಿ ಕ್ರಯಪತ್ರದ ಡ್ರಾಫ್ಟನ್ನ ಮನೆಲಿ ಜೋರಾಗಿ ಓದಿ, ಒಬ್ರು ಓದಬೇಕು, ಇನ್ನೊಬ್ರು ಆಧಾರ್ ಪ್ಯಾನ್ ಹಿಡ್ಕೊಂಡು ನೋಡಬೇಕು. ಹಾಗೆ ಓದಿದಾಗ ನಮಗೆ ಚಕ್ಕುಬಂದಿಲಿ (ಮನೆಯ ನಾಲ್ಕು ದಿಕ್ಕಿನ ಗಡಿ ವಿವರ) ಪೂರ್ವ ಪಶ್ಚಿಮ ಅದಲು ಬದಲಾಗಿದ್ದು ಸಿಕ್ತು. ಟಿಡಿಎಸ್ 1% ಈಗ ನೀವು ಹಿಡ್ಕೋಬೇಕು, ಹಿಡಿದ ತಿಂಗಳು ಮುಗಿದು 30 ದಿನದೊಳಗೆ ಕಟ್ಟಬೇಕು. ಮಾರೋರು ಎನ್‌ಆರ್‌ಐ ಆದ್ರೆ ಲೆಕ್ಕನೇ ಬೇರೆ, ಟಿಡಿಎಸ್ ತುಂಬಾ ಜಾಸ್ತಿ, ಅಗ್ರಿಮೆಂಟಿಗೆ ಮುಂಚೆ ಸಿಎ ಹತ್ರ ಹೋಗಿ.

ಹೆಜ್ಜೆ 9: ಸಾಮಾನು ಸಾಗ್ಸೋದು

ದೊಡ್ಡ ಮನೆಗೆ ಹೋಗ್ತಿದೀವಿ ಅಂತ ಹಳೆದೆಲ್ಲ ತುಂಬ್ಕೊಂಡು ಹೋಗ್ಬೇಡಿ. ಕಾರ್ಪೆಂಟರ್ ಕೆಲಸ, ಪೇಂಟು, ಬಾತ್‌ರೂಮಿಗೆ ಹಿಡಿ ಕಂಬಿ, ಕಿಟಕಿ ಮೆಶ್ಶು ಎಲ್ಲ ಖಾಲಿ ಮನೆಲಿ ಮುಗಿಸ್ಬೇಕು, ಸೇರ್ಕೊಂಡ್ಮೇಲೆ ಮಾಡಿಸಿದ್ರೆ ವಯಸ್ಸಾದೋರಿಗೆ ಆ ಧೂಳು ಆಗಲ್ಲ. ಪ್ಯಾಕರ್ಸ್‌ನವ್ರಿಗೆ ಮನೆಗೆ ಬಂದು ಸಾಮಾನು ನೋಡೇ ರೇಟ್ ಹೇಳಿ ಅನ್ನಿ, ಎರಡೂ ಅಪಾರ್ಟ್ಮೆಂಟಲ್ಲಿ ಲಿಫ್ಟ್ ಬಳಸೋ ಟೈಮ್ ಕೇಳ್ಕೊಂಡು ಬರ್ಸ್ಕೊಳಿ. ಒಡವೆ, ಕಾಗದದ ಫೈಲು, ಮಾತ್ರೆ ಡಬ್ಬ, ದೇವರ ಮನೆ ಸಾಮಾನು ನಿಮ್ಮ ಕಾರಲ್ಲೇ. ಅತ್ತೆಯ ತುಳಸಿ ಕಟ್ಟೆ ಮಣ್ಣಿನದು, ಅದನ್ನ ಅವ್ರು ತೊಡೆ ಮೇಲೆ ಇಟ್ಕೊಂಡೇ ಬಂದ್ರು. ಮೊದಲ ದಿನ ಅತ್ತೆ ರೂಮು ಮತ್ತೆ ಅಡುಗೆಮನೆ ಎರಡನ್ನೇ ಪೂರ್ತಿ ಜೋಡಿಸಿದ್ವಿ, ಉಳಿದಿದ್ದೆಲ್ಲ ಡಬ್ಬದಲ್ಲೇ ವಾರ ಇತ್ತು.

ಹೆಜ್ಜೆ 10: ಹಾಲುಕ್ಕಿದ ಮೇಲಿನ ಕೆಲಸ

ಮೊದಲ ತಿಂಗಳಲ್ಲೇ ಇ-ಖಾತಾ ನಿಮ್ಮ ಹೆಸರಿಗೆ ಬಂದಿದ್ಯಾ ನೋಡಿ, ಬೆಸ್ಕಾಂ ಮೀಟರ್ ಹೆಸರು ಬದಲಾಯಿಸಿ, ಅಸೋಸಿಯೇಷನ್ ಮೆಂಬರ್‌ಷಿಪ್ ಮಾಡ್ಕೊಳಿ, ಗ್ಯಾಸ್ ಕನೆಕ್ಷನ್ನು, ಆಧಾರ್ ವಿಳಾಸ, ವೋಟರ್ ಲಿಸ್ಟು ಒಂದೊಂದೇ ಮುಗ್ಸಿ. ಹಳೆ ಮನೆಯ ಕ್ರಯಪತ್ರ, ತಗೊಂಡಾಗಿನ ರಸೀದಿ, ಬ್ರೋಕರಿಗೆ ಕೊಟ್ಟ ದುಡ್ಡಿನ ದಾಖಲೆ, ಇವನ್ನ ಮಾರಿ ಆಯ್ತಲ್ಲ ಅಂತ ಬಿಸಾಕಬೇಡಿ, ಟ್ಯಾಕ್ಸ್ ರಿಟರ್ನಿಗೆ ಬೇಕು, ಆಮೇಲೂ ಕೆಲವು ವರ್ಷ ಬೇಕು. ಕೊನೆಗೆ ಎರಡೂ ಮನೆಯ ಇಸಿ ಮತ್ತೊಂದ್ಸಲ ತೆಗ್ಸಿ: ಹೊಸದ್ರಲ್ಲಿ ನಿಮ್ಮ ಹೆಸರು ಬಂದಿರಬೇಕು, ಹಳೇದ್ರಲ್ಲಿ ನಿಮ್ಮ ಬ್ಯಾಂಕಿನ ಅಡಮಾನ ಹೋಗಿರಬೇಕು. ನಮ್ಮ ಹಳೆ ಮನೇದ್ರಲ್ಲಿ ಅದು ಹೋಗೋಕೆ ಬ್ರಾಂಚಿಗೆ ಎರಡು ಸಲ ಅಲೀಬೇಕಾಯ್ತು, ಎರಡನೇ ಸಲ ಡಿಸ್ಚಾರ್ಜ್ ನೋಂದಣಿ ಆದ ದಿನ ಅದರ ಕಾಪಿನ ಆ ಮನೆ ತಗೊಂಡೋರಿಗೆ ನಾನೇ ಹೋಗಿ ಕೊಟ್ಟುಬಂದೆ.